ಸೋಂಕಿನ ಸರಪಳಿಗೆ ಲೆಕ್ಕ ಬರೆದ ರೊನಾಲ್ಡ್ ರಾಸ್

ಸೊಳ್ಳೆಯ ಕಡಿತದಿಂದ ಮಲೇರಿಯಾ ಹರಡುತ್ತದೆಂಬುದನ್ನು ಸಾಧಿಸಿ ತೋರಿಸಿದ ಸರ್ ರೊನಾಲ್ಡ್ ರಾಸ್ ಅವರ ಹೆಸರು ಶಾಲೆಯ ಪಠ್ಯಪುಸ್ತಕ ಓದಿದವರಿಗೆಲ್ಲ ಪರಿಚಿತ. ಭಾರತದಲ್ಲಿ ಹುಟ್ಟಿ, ಭಾರತದಲ್ಲಿಯೇ ಆ ಶೋಧ ನಡೆಸಿ, 1902ರಲ್ಲಿ ವೈದ್ಯಕೀಯ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದ ಅವರು ಬೆಂಗಳೂರಿನ ದಂಡುಪ್ರದೇಶದಲ್ಲಿ ಸೇವೆ ಸಲ್ಲಿಸಿದವರೂ ಹೌದು. ಆದರೆ ಅವರ ಇನ್ನೊಂದು ಸಾಧನೆ ಜನಸಾಮಾನ್ಯರಿಗೆ ಅಷ್ಟಾಗಿ ತಿಳಿದಿಲ್ಲ. ರೋಗವೊಂದು ಒಬ್ಬರಿಂದ ಒಬ್ಬರಿಗೆ ದಾಟಿಹೋಗುವ ಬಗೆಯನ್ನು ಸಮೀಕರಣಗಳಲ್ಲಿ ಬರೆದಿಡಬಹುದು, ಆ ಸಮೀಕರಣಗಳಿಂದಲೇ ರೋಗವನ್ನು ನಿಲ್ಲಿಸುವ ದಾರಿಯನ್ನೂ ಕಂಡುಕೊಳ್ಳಬಹುದು ಎಂದು ಪ್ರತಿಪಾದಿಸಿದ ಮೊದಲಿಗರಲ್ಲಿ ಅವರು ಪ್ರಮುಖರು.

ರಾಸ್ ಅವರ ಸಮೀಕರಣಗಳು ಮಲೇರಿಯಾದ ಸಲುವಾಗಿ ಹುಟ್ಟಿದವು. ಅವರು ತೀರಿಕೊಂಡು ನಾಲ್ಕು ದಶಕಗಳ ನಂತರ ಅದೇ ಬಗೆಯ ಲೆಕ್ಕ ಗೊನೋರಿಯಾದಂತಹ ಲೈಂಗಿಕ ಸೋಂಕುಗಳಿಗೂ, ಅನಂತರ ಎಚ್‌ಐವಿಗೂ ಅನ್ವಯವಾಯಿತು. ನಾಚಿಕೆ, ನಿಂದೆ ಮತ್ತು ಶಿಕ್ಷೆಗಳಿಂದ ಸುತ್ತುವರಿದಿದ್ದ ಈ ರೋಗಗಳನ್ನು ಸಂಬಂಧಗಳ ಸರಪಳಿಯಾಗಿ ನೋಡುವ ದೃಷ್ಟಿ ವೈದ್ಯಲೋಕಕ್ಕೆ ದೊರೆತದ್ದರಲ್ಲಿ ರಾಸ್ ಅವರ ಪಾಲು ದೊಡ್ಡದು.

ಆಲ್ಮೋರಾದಿಂದ ಲಂಡನ್ನಿಗೆ

ರೊನಾಲ್ಡ್ ರಾಸ್ ಜನಿಸಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಆಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದು ಆಗ ಮೂರೇ ದಿನಗಳಾಗಿದ್ದವು. ತಂದೆ ಕ್ಯಾಂಪ್‌ಬೆಲ್ ರಾಸ್ ಭಾರತದ ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿ. ಹತ್ತು ಮಕ್ಕಳಲ್ಲಿ ರೊನಾಲ್ಡ್ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ಅವರನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿನ ಬಂಧುಗಳ ಮನೆಗೆ ಕಳುಹಿಸಲಾಯಿತು.

ಬಾಲಕನ ಒಲವು ಇದ್ದದ್ದು ಕಾವ್ಯ, ಸಂಗೀತ ಮತ್ತು ಚಿತ್ರಕಲೆಗಳಲ್ಲಿ. ತಂದೆಯ ಅಪೇಕ್ಷೆ ಬೇರೆಯಾಗಿತ್ತು. ಮಗ ವೈದ್ಯನಾಗಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಬೇಕೆಂದು ಅವರು ಪಟ್ಟು ಹಿಡಿದರು. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ರಾಸ್ ಕಲಿತರಾದರೂ ಓದಿನಲ್ಲಿ ಅಂತಹ ಉತ್ಸಾಹ ತೋರಲಿಲ್ಲ. ಪರೀಕ್ಷೆಯೊಂದರಲ್ಲಿ ಅನುತ್ತೀರ್ಣರಾಗಿ ಕೆಲಕಾಲ ಹಡಗಿನ ವೈದ್ಯರಾಗಿ ದುಡಿದರು. ಕೊನೆಗೆ 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಯನ್ನು ಪ್ರವೇಶಿಸಿ ಮದ್ರಾಸಿಗೆ ಬಂದಿಳಿದರು.

ಸೇನಾ ವೈದ್ಯನಿಗೆ ಆ ದಿನಗಳಲ್ಲಿ ಬಿಡುವಿಗೆ ಕೊರತೆ ಇರಲಿಲ್ಲ. ರಾಸ್ ಆ ಬಿಡುವನ್ನು ಕವಿತೆ ಮತ್ತು ಕಾದಂಬರಿಗಳ ರಚನೆಗೆ ಬಳಸಿದರು. ಅದೇ ಕಾಲದಲ್ಲಿ ಅವರಿಗೆ ಗಣಿತದ ಗೀಳೂ ಹತ್ತಿತು. ಗುರುಗಳಿಲ್ಲದೆ, ಪುಸ್ತಕಗಳ ನೆರವಿನಿಂದಲೇ ಅವರು ಉನ್ನತ ಗಣಿತವನ್ನು ಅಭ್ಯಾಸ ಮಾಡಿದರು. ವೈದ್ಯನಿಗೆ ಯಾವ ಪ್ರಯೋಜನಕ್ಕೂ ಬಾರದ ಹವ್ಯಾಸವೆಂದು ತೋರುತ್ತಿದ್ದ ಈ ಅಭ್ಯಾಸವೇ ಇಪ್ಪತ್ತೈದು ವರ್ಷಗಳ ನಂತರ ಫಲ ನೀಡಿತು.

ಬೆಂಗಳೂರಿನ ನೀರಿನ ತೊಟ್ಟಿ

1883ರಲ್ಲಿ ರಾಸ್ ಬೆಂಗಳೂರಿನ ದಂಡಿಗೆ ವೈದ್ಯಾಧಿಕಾರಿಯಾಗಿ ನೇಮಕಗೊಂಡರು. ಊರಿನ ಹವೆ ಅವರಿಗೆ ಹಿಡಿಸಿತು. ಅವರನ್ನು ಕಾಡಿದ್ದು ಸೊಳ್ಳೆಗಳು ಮಾತ್ರ. ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳುಗಳು ತುಂಬಿರುವುದನ್ನು ಅವರು ಗಮನಿಸಿದರು. ತೊಟ್ಟಿಯನ್ನು ಬರಿದು ಮಾಡಿಸಿದ ಮೇಲೆ ಕೋಣೆಯಲ್ಲಿ ಸೊಳ್ಳೆಗಳ ಕಾಟ ಬಹುಮಟ್ಟಿಗೆ ತಗ್ಗಿತು. ಅಧಿಕಾರಿಗಳ ಭೋಜನಶಾಲೆಯ ಸುತ್ತಲೂ ಇದೇ ಕ್ರಮ ಕೈಗೊಳ್ಳಬಹುದೆಂದು ಅವರು ಸೂಚಿಸಿದಾಗ, ಪ್ರಕೃತಿಯ ವ್ಯವಸ್ಥೆಯಲ್ಲಿ ಕೈಹಾಕುವುದು ಸಲ್ಲದೆಂಬ ಕಾರಣದಿಂದ ಆ ಸಲಹೆ ತಿರಸ್ಕೃತವಾಯಿತು.

ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಆದರೂ ಎಲ್ಲ ಸೊಳ್ಳೆಗಳನ್ನೂ ಕೊಲ್ಲದೆಯೇ ಅವುಗಳ ಸಂಖ್ಯೆಯನ್ನು ತಗ್ಗಿಸಬಹುದೆಂಬ ಅರಿವು ರಾಸ್ ಅವರಿಗೆ ಬೆಂಗಳೂರಿನಲ್ಲಿಯೇ ಮೂಡಿತು.

ದಂಡುಪ್ರದೇಶಗಳನ್ನು ಆ ಕಾಲದಲ್ಲಿ ಬಾಧಿಸುತ್ತಿದ್ದುದು ಮಲೇರಿಯಾ ಒಂದೇ ಅಲ್ಲ. ಗುಹ್ಯರೋಗಗಳು ಬ್ರಿಟಿಷ್ ಸೈನಿಕರನ್ನು ಅದಕ್ಕಿಂತಲೂ ಕಂಗೆಡಿಸಿದ್ದವು. 1895ರಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಪಡೆಗಳಲ್ಲಿ ಪ್ರತಿ 1000 ಸೈನಿಕರಿಗೆ 522ರಂತೆ ಈ ರೋಗಗಳಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ದಾಖಲಾದವು. ಇದಕ್ಕೆ ಸರ್ಕಾರ ಕಂಡುಕೊಂಡಿದ್ದ ಪರಿಹಾರವೆಂದರೆ 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಅದರಂತೆ ವೇಶ್ಯಾವೃತ್ತಿಯ ಹೆಂಗಸರು ಹೆಸರು ನೋಂದಾಯಿಸಿ ತಪಾಸಣೆಗೆ ಒಳಗಾಗಬೇಕಿತ್ತು. ರೋಗ ಕಂಡುಬಂದವರನ್ನು ಲಾಕ್ ಆಸ್ಪತ್ರೆ ಎಂಬ ಹೆಸರಿನ ಆಸ್ಪತ್ರೆಗಳಲ್ಲಿ ಕೂಡಿಡಲಾಗುತ್ತಿತ್ತು. ಆ ಹೆಂಗಸರ ಬಳಿಗೆ ಹೋಗುತ್ತಿದ್ದ ಗಂಡಸರನ್ನು ಕಾಯ್ದೆ ಮುಟ್ಟುತ್ತಿರಲಿಲ್ಲ. ತೀವ್ರ ವಿರೋಧದ ಬಳಿಕ 1888ರಲ್ಲಿ ಕಾಯ್ದೆ ರದ್ದಾಯಿತು. ಎರಡು ಪಕ್ಷಗಳ ನಡುವೆ ಓಡಾಡುವ ಸೋಂಕನ್ನು ಒಂದೇ ಪಕ್ಷದ ಮೇಲೆ ಕಾವಲು ಹಾಕಿ ತಡೆಯಲು ಹೊರಟ ಈ ನೀತಿಯಲ್ಲಿದ್ದ ಕುಂದನ್ನು ತೋರಿಸಬಲ್ಲ ಗಣಿತ ಆಗಿನ್ನೂ ಹುಟ್ಟಿರಲಿಲ್ಲ.

ಸಿಕಂದರಾಬಾದಿನ ಶೋಧ

1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ತೆರಳಿದ ರಾಸ್ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ತರಬೇತಿ ಹೊಂದಿದರು. 1889ರಲ್ಲಿ ರೋಸಾ ಬ್ಲಾಕ್ಸಂ ಅವರನ್ನು ವಿವಾಹವಾದರು. ಅವರ ಬದುಕಿಗೆ ತಿರುವು ದೊರೆತದ್ದು 1894ರಲ್ಲಿ. ಲಂಡನ್ನಿನಲ್ಲಿದ್ದ ಹಿರಿಯ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್, ಫ್ರೆಂಚ್ ವೈದ್ಯ ಲಾವೆರಾನ್ 1880ರಲ್ಲಿ ಪತ್ತೆ ಮಾಡಿದ್ದ ಮಲೇರಿಯಾ ಪರಾವಲಂಬಿಯನ್ನು ರೋಗಿಯ ರಕ್ತದಲ್ಲಿ ತೋರಿಸಿಕೊಟ್ಟರು. ಈ ಜೀವಿಯ ಬದುಕಿನ ಒಂದು ಘಟ್ಟ ಸೊಳ್ಳೆಯ ದೇಹದಲ್ಲಿ ನಡೆಯುತ್ತಿರಬಹುದೆಂಬ ತಮ್ಮ ಊಹೆಯನ್ನೂ ವಿವರಿಸಿದರು. ಆ ಊಹೆಯನ್ನು ಪರೀಕ್ಷಿಸುವ ಸಂಕಲ್ಪದೊಂದಿಗೆ ರಾಸ್ 1895ರಲ್ಲಿ ಭಾರತಕ್ಕೆ ಮರಳಿ ಸಿಕಂದರಾಬಾದಿನಲ್ಲಿ ಕೆಲಸ ಆರಂಭಿಸಿದರು.

ಅದೇ ವರ್ಷ ಬೆಂಗಳೂರಿನಲ್ಲಿ ಕಾಲರಾ ಕಾಣಿಸಿಕೊಂಡಿತು. ನಗರದ ನೈರ್ಮಲ್ಯದ ಹೊಣೆ ಹೊರಿಸಿ ರಾಸ್ ಅವರನ್ನು ಅಲ್ಲಿಗೆ ಕಳುಹಿಸಲಾಯಿತು. ಸಂಶೋಧನೆಗೆ ಇದರಿಂದ ಅಡಚಣೆಯಾಯಿತೆಂದು ಅವರು ಬೇಸರಗೊಂಡರಾದರೂ ಕೆಲಸವನ್ನು ಕಡೆಗಣಿಸಲಿಲ್ಲ. ದಂಡುಪ್ರದೇಶದ ಬೀದಿ, ಬಾವಿ, ಚರಂಡಿಗಳನ್ನು ಪರಿಶೀಲಿಸಿ, ಕಾಲರಾ ಮತ್ತು ನೈರ್ಮಲ್ಯ ವ್ಯವಸ್ಥೆಯ ಕುರಿತು 1896ರಲ್ಲಿ ವಿವರವಾದ ವರದಿ ಸಲ್ಲಿಸಿದರು. ರೋಗವನ್ನು ಒಬ್ಬೊಬ್ಬ ರೋಗಿಯಲ್ಲಿ ಮಾತ್ರವಲ್ಲದೆ ಇಡೀ ಊರಿನಲ್ಲಿ ನೋಡುವ ಅಭ್ಯಾಸ ಇಲ್ಲಿ ಗಟ್ಟಿಯಾಯಿತು.

1897ರಲ್ಲಿ ನೀಲಗಿರಿಯ ಸೀಗೂರು ಘಾಟಿನಲ್ಲಿ ಸೊಳ್ಳೆಗಳನ್ನು ಅರಸುತ್ತಿದ್ದಾಗ ಸ್ವತಃ ರಾಸ್ ಅವರೇ ಮಲೇರಿಯಾ ಪೀಡಿತರಾದರು. ಚೇತರಿಸಿಕೊಂಡು ಸಿಕಂದರಾಬಾದಿಗೆ ಮರಳಿದರು. ಅಲ್ಲಿ ಹುಸೇನ್ ಖಾನ್ ಎಂಬ ರೋಗಿ, ಕಡಿದ ಸೊಳ್ಳೆಯೊಂದಕ್ಕೆ ಒಂದು ಆಣೆಯಂತೆ ಹಣ ಪಡೆದು, ಸೊಳ್ಳೆಗಳಿಗೆ ಮೈಯೊಡ್ಡಲು ಒಪ್ಪಿದನು. ಹಾಗೆ ರಕ್ತ ಹೀರಿದ, ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ 1897ರ ಆಗಸ್ಟ್ 20ರಂದು ರಾಸ್ ಅವರಿಗೆ ಮಲೇರಿಯಾದ ವರ್ಣಕಣಗಳುಳ್ಳ ಕೋಶಗಳು ಕಾಣಿಸಿದವು. ಎರಡು ವರ್ಷಗಳ ಶ್ರಮ ಸಾರ್ಥಕವಾಯಿತು. ಆ ಸೊಳ್ಳೆ ಅನಾಫಿಲಿಸ್ ಜಾತಿಯದೆಂದು ಮುಂದೆ ಗುರುತಿಸಲಾಯಿತು.

ಶೋಧವನ್ನು ಮುಂದುವರಿಸುವ ಮೊದಲೇ ಅವರನ್ನು ರಜಪುತಾನದ ಖೇರ್ವಾಡಾಕ್ಕೆ ವರ್ಗ ಮಾಡಲಾಯಿತು. ಮ್ಯಾನ್ಸನ್ ಅವರ ಪ್ರಯತ್ನದಿಂದ 1898ರ ಆರಂಭದಲ್ಲಿ ಕಲ್ಕತ್ತೆಯಲ್ಲಿ ಪ್ರಯೋಗಾಲಯ ದೊರೆಯಿತು. ಅಲ್ಲಿ ಸಹಾಯಕ ಮಹಮದ್ ಬಕ್ಷ್ ಅವರ ನೆರವಿನಿಂದ, ಹಕ್ಕಿಗಳ ಮಲೇರಿಯಾ ಪರಾವಲಂಬಿಯು ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರಿ, ಕಡಿತದ ಮೂಲಕ ಆರೋಗ್ಯವಂತ ಹಕ್ಕಿಗೆ ದಾಟುವುದನ್ನು ರಾಸ್ ಆ ವರ್ಷದ ಜುಲೈನಲ್ಲಿ ಸಾಧಿಸಿದರು. ಮನುಷ್ಯರಲ್ಲಿ ಅನಾಫಿಲಿಸ್ ಸೊಳ್ಳೆಯೇ ರೋಗ ಹರಡುತ್ತದೆಂದು ಇಟಲಿಯ ಗ್ರಾಸಿ ಮತ್ತು ಅವರ ಸಂಗಡಿಗರು ಅದೇ ವರ್ಷ ತೋರಿಸಿದರು. ಮೊದಲಿಗರು ಯಾರೆಂಬ ವಿಷಯದಲ್ಲಿ ರಾಸ್ ಮತ್ತು ಗ್ರಾಸಿ ಅವರ ನಡುವೆ ಎದ್ದ ಕಹಿಯಾದ ವಿವಾದ ಜೀವನಪರ್ಯಂತ ಮುಂದುವರಿಯಿತು.

ಎಲ್ಲ ಸೊಳ್ಳೆಯನ್ನೂ ಕೊಲ್ಲಬೇಕೇ?

1899ರಲ್ಲಿ ರಾಸ್ ಸೇವೆಯಿಂದ ನಿವೃತ್ತರಾಗಿ ಲಿವರ್‌ಪೂಲಿನ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ಬೋಧಕರಾದರು. ಸೊಳ್ಳೆಗಳ ಸಂಖ್ಯೆ ತಗ್ಗಿಸಿ ಮಲೇರಿಯಾ ತಡೆಯುವ ಕಾರ್ಯಕ್ಕಾಗಿ ಸಿಯೆರಾ ಲಿಯೋನ್, ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ ಮೊದಲಾದೆಡೆ ಸಂಚರಿಸಿದರು. ಇಸ್ಮಾಯಿಲಿಯಾದಲ್ಲಿ ಯಶಸ್ಸು ದೊರೆಯಿತು. ಆದರೆ ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ 1902ರಿಂದ 1909ರವರೆಗೆ ಬೇರೆ ಅಧಿಕಾರಿಗಳು ನಡೆಸಿದ ಪ್ರಯೋಗ ನಿರೀಕ್ಷಿತ ಫಲ ನೀಡಲಿಲ್ಲ. ಸೊಳ್ಳೆಗಳನ್ನು ಸಂಪೂರ್ಣ ನಾಶ ಮಾಡಲು ಸಾಧ್ಯವಿಲ್ಲದಿರುವಾಗ ಈ ಪ್ರಯತ್ನವೇ ವ್ಯರ್ಥವೆಂಬ ವಾದಕ್ಕೆ ಇದರಿಂದ ಬಲ ಬಂದಿತು. ಒಂದು ಸೊಳ್ಳೆ ಉಳಿದರೂ ರೋಗ ಉಳಿಯುತ್ತದಲ್ಲವೇ ಎಂಬುದು ವಿರೋಧಿಗಳ ಪ್ರಶ್ನೆಯಾಗಿತ್ತು.

ಇದಕ್ಕೆ ಮಾತಿನಲ್ಲಿ ಉತ್ತರ ಹೇಳಿ ಪ್ರಯೋಜನವಿಲ್ಲವೆಂದು ರಾಸ್ ಮನಗಂಡರು. ಅವರು ಹಳೆಯ ಗಣಿತದ ಕಡೆಗೆ ತಿರುಗಿದರು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ನೀಡಿದ ಉಪನ್ಯಾಸದಲ್ಲಿ, ಗೊತ್ತುಗುರಿಯಿಲ್ಲದೆ ಹಾರಾಡುವ ಸೊಳ್ಳೆಯು ಹುಟ್ಟಿದ ಸ್ಥಳದಿಂದ ಎಷ್ಟು ದೂರ ಹೋಗಬಲ್ಲದೆಂಬುದನ್ನು ಲೆಕ್ಕ ಹಾಕಲು ಯತ್ನಿಸಿದರು. 1907ರ ಕೊನೆಯಲ್ಲಿ ಮಾರಿಷಸ್ ದ್ವೀಪದ ಮಲೇರಿಯಾ ತಡೆಗೆ ಸಲಹೆ ನೀಡಲು ತೆರಳಿದ ಅವರು 1908ರಲ್ಲಿ ಪ್ರಕಟಿಸಿದ ವರದಿಯಲ್ಲಿ ರೋಗದ ಹರಡುವಿಕೆಗೆ ಮೊದಲ ಬಾರಿಗೆ ಸಮೀಕರಣ ಕೊಟ್ಟರು.

ಲೆಕ್ಕದ ಹುರುಳು ಸರಳವಾಗಿದೆ. 1000 ಜನರಿರುವ ಹಳ್ಳಿಯಲ್ಲಿ ಒಬ್ಬನಿಗೆ ಮಾತ್ರ ಮಲೇರಿಯಾ ಇದೆ. ಒಂದು ತಿಂಗಳಲ್ಲಿ ಅಲ್ಲಿ 48,000 ಅನಾಫಿಲಿಸ್ ಸೊಳ್ಳೆಗಳಿವೆ ಎಂದು ಭಾವಿಸೋಣ. ಸೊಳ್ಳೆಗಳಲ್ಲಿ ನಾಲ್ಕನೆಯ ಒಂದು ಪಾಲಿಗೆ ಮಾತ್ರ ಮನುಷ್ಯರನ್ನು ಕಡಿಯುವ ಅವಕಾಶ ಸಿಗುತ್ತದೆ, ಅಂದರೆ 12,000. ಇವುಗಳಲ್ಲಿ ಆ ಒಬ್ಬ ರೋಗಿಯನ್ನು ಕಡಿಯುವುದು 12. ಪರಾವಲಂಬಿಯು ಸೊಳ್ಳೆಯೊಳಗೆ ಬಲಿಯಲು ಬೇಕಾದ ದಿನಗಳವರೆಗೆ ಬದುಕುಳಿಯುವುದು ಅದರಲ್ಲಿ ಮೂರನೆಯ ಒಂದು ಪಾಲು, ಅಂದರೆ 4. ಇವು ನಾಲ್ಕರಲ್ಲಿ ಮತ್ತೊಮ್ಮೆ ಮನುಷ್ಯನನ್ನು ಕಡಿಯುವುದು ಒಂದೇ. ಹೀಗೆ ಅಷ್ಟೊಂದು ಸೊಳ್ಳೆಗಳಿದ್ದರೂ ತಿಂಗಳಿಗೆ ಹೊಸದಾಗಿ ಸೇರುವ ರೋಗಿ ಒಬ್ಬನೇ. ಸೊಳ್ಳೆಗಳು ಇನ್ನೂ ಕಡಿಮೆಯಾಗಿ, ಹೊಸ ರೋಗಿಗಳು ಸೇರುವ ವೇಗಕ್ಕಿಂತ ಹಳಬರು ಗುಣವಾಗುವ ವೇಗ ಹೆಚ್ಚಾದರೆ ರೋಗ ತಾನಾಗಿಯೇ ನಂದಿಹೋಗುತ್ತದೆ.

ಸೊಳ್ಳೆಗಳ ಸಂಖ್ಯೆಗೆ ಒಂದು ಮಿತಿಯಿದೆ, ಆ ಮಿತಿಯ ಕೆಳಗೆ ಇಳಿಸಿದರೆ ಸಾಕು, ಕೊನೆಯ ಸೊಳ್ಳೆಯನ್ನು ಕೊಲ್ಲಬೇಕಾಗಿಲ್ಲ. ರಾಸ್ ಗಣಿತದಿಂದ ಹೊರಟ ಮುಖ್ಯ ತೀರ್ಮಾನ ಇದು. 1910ರ ಮಲೇರಿಯಾ ತಡೆಯ ಕುರಿತ ಗ್ರಂಥದಲ್ಲಿಯೂ 1911ರ ಅದರ ಎರಡನೆಯ ಆವೃತ್ತಿಯಲ್ಲಿಯೂ ಅವರು ಇದನ್ನು ವಿಸ್ತರಿಸಿದರು. ಸೋಂಕಿತ ಮನುಷ್ಯರ ಸಂಖ್ಯೆಗೆ ಒಂದು, ಸೋಂಕಿತ ಸೊಳ್ಳೆಗಳ ಸಂಖ್ಯೆಗೆ ಒಂದು, ಹೀಗೆ ಜೋಡಿ ಸಮೀಕರಣಗಳನ್ನು ಬರೆದು, ಒಂದರ ಏರಿಳಿತ ಇನ್ನೊಂದನ್ನು ಅವಲಂಬಿಸಿರುವುದನ್ನು ತೋರಿಸಿದರು.

ಘಟನೆಗಳ ಸಿದ್ಧಾಂತ

ರಾಸ್ ಅಲ್ಲಿಗೇ ನಿಲ್ಲಲಿಲ್ಲ. ಮನುಷ್ಯರಿಗೆ ಸಂಭವಿಸುವ ಘಟನೆಗಳನ್ನು ಅವರು ಎರಡು ಬಗೆಯಾಗಿ ವಿಂಗಡಿಸಿದರು. ಅಪಘಾತದಂತಹವು ಒಬ್ಬನಿಗೆ ಸಂಭವಿಸಿದ್ದರಿಂದ ಇನ್ನೊಬ್ಬನಿಗೆ ಸಂಭವಿಸುವ ಸಾಧ್ಯತೆ ಹೆಚ್ಚುವುದಿಲ್ಲ. ಸಾಂಕ್ರಾಮಿಕ ರೋಗಗಳು ಹಾಗಲ್ಲ. ಈಗಾಗಲೇ ಎಷ್ಟು ಮಂದಿಗೆ ತಗುಲಿದೆ ಎಂಬುದರ ಮೇಲೆಯೇ ಮುಂದೆ ಎಷ್ಟು ಮಂದಿಗೆ ತಗುಲುತ್ತದೆ ಎಂಬುದು ನಿಂತಿರುತ್ತದೆ. ಸಂಘಗಳ ಸದಸ್ಯತ್ವ, ರಾಜಕೀಯ ಪಕ್ಷಗಳ ಬೆಳವಣಿಗೆಗಳೂ ಇದೇ ವರ್ಗಕ್ಕೆ ಸೇರುತ್ತವೆಂದು ಅವರು ವಾದಿಸಿದರು. ಒಬ್ಬರಿಂದ ಒಬ್ಬರಿಗೆ ದಾಟುವ ಎಲ್ಲಕ್ಕೂ ಒಂದೇ ಬಗೆಯ ಗಣಿತವಿದೆ ಎಂಬುದು ಅವರ ನಿಲುವು.

ಈ ಕೆಲಸದಲ್ಲಿ ತಮ್ಮ ಗಣಿತದ ಮಿತಿಯನ್ನು ಅರಿತಿದ್ದ ರಾಸ್, ಕೇಂಬ್ರಿಜ್‌ನಲ್ಲಿ ಶಿಕ್ಷಣ ಪಡೆದ ಗಣಿತಜ್ಞೆ ಹಿಲ್ಡಾ ಹಡ್ಸನ್ ಅವರ ಸಹಯೋಗ ಪಡೆದರು. 1916 ಮತ್ತು 1917ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಸಿದ್ಧಾಂತದ ಮೂರು ಭಾಗಗಳು ಪ್ರಕಟವಾದವು. ಎರಡನೆಯ ಮತ್ತು ಮೂರನೆಯ ಭಾಗಗಳು ಇಬ್ಬರ ಹೆಸರಿನಲ್ಲಿವೆ. ಜಗತ್ತು ಮಹಾಯುದ್ಧದಲ್ಲಿ ಮುಳುಗಿದ್ದ ಕಾಲವದು. 1914ರ ಆಗಸ್ಟಿನಲ್ಲಿಯೇ ರಾಸ್ ಅವರ ಹಿರಿಯ ಮಗ ಫ್ರಾನ್ಸಿನ ರಣರಂಗದಲ್ಲಿ ಮಡಿದಿದ್ದರು.

ವೈದ್ಯರಿಗೆ ಗಣಿತ ಬೇಡವಾಗಿತ್ತು, ಗಣಿತಜ್ಞರಿಗೆ ಸೊಳ್ಳೆ ಬೇಡವಾಗಿತ್ತು. ರಾಸ್ ಅವರ ಈ ಬರಹಗಳಿಗೆ ಹೆಚ್ಚಿನ ಓದುಗರು ಸಿಗಲಿಲ್ಲ. ಸಿಕ್ಕ ಕೆಲವರಲ್ಲಿ ಮುಖ್ಯರಾದವರು ಆಂಡರ್ಸನ್ ಮೆಕೆಂಡ್ರಿಕ್. ಹಿಂದೆ ರಾಸ್ ಅವರೊಡನೆ ಸಿಯೆರಾ ಲಿಯೋನಿಗೆ ಹೋಗಿದ್ದ ಈ ತರುಣ ವೈದ್ಯರು ಮುಂದೆ ಭಾರತದ ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ದುಡಿದರು. ಗಣಿತ ಕಲಿಯುವಂತೆ ಅವರಿಗೆ ಪ್ರೇರಣೆ ನೀಡಿದವರು ರಾಸ್. ಪ್ರಯೋಗಾಲಯದ ಸ್ಫೋಟದಲ್ಲಿ ದೃಷ್ಟಿ ಕಳೆದುಕೊಂಡಿದ್ದ ವಿಲಿಯಂ ಕರ್ಮಾಕ್ ಅವರೊಡನೆ ಮೆಕೆಂಡ್ರಿಕ್ 1927ರಲ್ಲಿ ಪ್ರಕಟಿಸಿದ ಪ್ರಬಂಧ ಸಾಂಕ್ರಾಮಿಕ ರೋಗಗಳ ಗಣಿತಕ್ಕೆ ಭದ್ರ ಬುನಾದಿಯಾಯಿತು. 2020ರ ಕೋವಿಡ್ ಪಿಡುಗಿನ ವೇಳೆ ಮನೆಮಾತಾದ, ಒಬ್ಬ ರೋಗಿಯಿಂದ ಎಷ್ಟು ಮಂದಿಗೆ ಸೋಂಕು ತಗುಲುತ್ತದೆಂಬ ಸಂಖ್ಯೆಯ ಬೇರು ಕೂಡ ರಾಸ್ ಅವರ ಈ ಮಿತಿಯ ಕಲ್ಪನೆಯಲ್ಲಿದೆ.

ಕಡೆಯ ವರ್ಷಗಳು

1911ರಲ್ಲಿ ಸರ್ ಪದವಿ ದೊರೆತರೂ ರಾಸ್ ಅವರ ಕೊರಗು ತೀರಲಿಲ್ಲ. ಕೋಟ್ಯಂತರ ಜನರ ಪ್ರಾಣ ಉಳಿಸಬಲ್ಲ ಶೋಧಕ್ಕೆ ಸರ್ಕಾರ ತಕ್ಕ ಪ್ರತಿಫಲ ನೀಡಬೇಕೆಂದು, ಸಿಡುಬಿನ ಲಸಿಕೆ ಕಂಡುಹಿಡಿದ ಜೆನ್ನರ್ ಅವರಿಗೆ ಸಂಸತ್ತು ನೀಡಿದ್ದ ಧನವನ್ನು ಉದಾಹರಿಸಿ, ಅವರು ಮನವಿ ಸಲ್ಲಿಸಿದರು. ಅದು ಫಲಿಸಲಿಲ್ಲ. ಮಾತಿನಲ್ಲಿ ಬಿರುಸು, ಕೋಪದಲ್ಲಿ ಬೇಗ ಎಂಬ ಹೆಸರು ಅವರಿಗಿತ್ತು. ತಮ್ಮ ಗುರುಸಮಾನರಾದ ಮ್ಯಾನ್ಸನ್ ಅವರೊಡನೆಯೂ ಅವರ ಸಂಬಂಧ ಕೆಟ್ಟಿತು. 1923ರಲ್ಲಿ ಆತ್ಮಕಥನ ಪ್ರಕಟಿಸಿದರು. 1926ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಅವರ ಹೆಸರಿನ ಸಂಶೋಧನಾ ಸಂಸ್ಥೆ ಆರಂಭವಾಯಿತು. 1927ರ ಜನವರಿಯಲ್ಲಿ ಕಲ್ಕತ್ತೆಯ ಆಸ್ಪತ್ರೆಯ ಬಳಿ ಅವರ ಸ್ಮಾರಕ ದ್ವಾರವನ್ನು ಅವರ ಸಮ್ಮುಖದಲ್ಲಿಯೇ ಅನಾವರಣ ಮಾಡಲಾಯಿತು. ಅದೇ ವರ್ಷ ಪಾರ್ಶ್ವವಾಯು ಅವರನ್ನು ಕಾಡಿತು. ಪತ್ನಿ ರೋಸಾ 1931ರಲ್ಲಿ ನಿಧನರಾದರು. 1932ರ ಸೆಪ್ಟೆಂಬರ್ 16ರಂದು ರಾಸ್ ಕೊನೆಯುಸಿರೆಳೆದರು. ಪಟ್ನಿ ವೇಲ್ ಸ್ಮಶಾನದಲ್ಲಿ ಪತ್ನಿಯ ಸಮಾಧಿಯ ಪಕ್ಕದಲ್ಲಿಯೇ ಅವರ ಅಂತ್ಯಕ್ರಿಯೆ ನೆರವೇರಿತು.

ಸೊಳ್ಳೆಯಿಂದ ಸಂಬಂಧಗಳಿಗೆ

ರಾಸ್ ಅವರ ಗಣಿತಕ್ಕೆ ಮರುಹುಟ್ಟು ದೊರೆತದ್ದು 1950ರ ದಶಕದಲ್ಲಿ. ಜಾರ್ಜ್ ಮೆಕ್‌ಡೊನಾಲ್ಡ್ ಅದನ್ನು ಮಲೇರಿಯಾ ನಿರ್ಮೂಲನದ ಯೋಜನೆಗಳಿಗೆ ಒಗ್ಗಿಸಿದರು. 1970ರ ದಶಕದಲ್ಲಿ ಅಮೆರಿಕದಲ್ಲಿ ಗೊನೋರಿಯಾ ಪ್ರಕರಣಗಳು ಏರುತ್ತಿದ್ದಾಗ ಕೆನೆತ್ ಕುಕ್, ಜೇಮ್ಸ್ ಯಾರ್ಕ್, ಹರ್ಬರ್ಟ್ ಹೆತ್‌ಕೋಟ್ ಮೊದಲಾದ ಗಣಿತಜ್ಞರು ಆ ಕಡೆ ಗಮನ ಹರಿಸಿದರು.

ರಾಸ್ ಅವರ ಸಮೀಕರಣಗಳ ಹಂದರ ಇಲ್ಲಿ ಹೊಂದಿಕೊಂಡಿತು. ಮಲೇರಿಯಾ ಮನುಷ್ಯನಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯನಿಗೆ ದಾಟುತ್ತದೆ. ಅಂತೆಯೇ ಗೊನೋರಿಯಾ ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ ದಾಟುತ್ತದೆ. ಎರಡು ಗುಂಪುಗಳ ನಡುವಿನ ಈ ಓಡಾಟದಲ್ಲಿ ಒಂದು ಸುತ್ತು ಮುಗಿಯಬೇಕಾದರೆ ಎರಡು ಕೊಂಡಿಗಳೂ ಇರಬೇಕು. ಹೆಂಗಸರನ್ನು ಮಾತ್ರ ಆಸ್ಪತ್ರೆಯಲ್ಲಿ ಕೂಡಿಟ್ಟು, ಗಂಡಸರನ್ನು ಚಿಕಿತ್ಸೆಯಿಲ್ಲದೆ ಬಿಟ್ಟಿದ್ದ ದಂಡಿನ ಕಾಯ್ದೆಯ ದೋಷ ಈ ಜೋಡಿ ಸಮೀಕರಣಗಳಲ್ಲಿ ಎದ್ದು ಕಾಣುತ್ತದೆ. ಬಿಡುಗಡೆಯಾದ ಹೆಂಗಸಿಗೆ ಸೋಂಕು ಮರಳಿ ತಗುಲಲು ಒಬ್ಬ ಗಂಡಸು ಸಾಕು. ಆದಕಾರಣವೇ ಇಂದು ಲೈಂಗಿಕ ಸೋಂಕಿಗೆ ಚಿಕಿತ್ಸೆ ನೀಡುವಾಗ ಸಂಗಾತಿಗೂ ಚಿಕಿತ್ಸೆ ನೀಡುವುದು ವೈದ್ಯಕೀಯ ಕ್ರಮವಾಗಿದೆ.

ಆದರೆ ಒಂದು ಮುಖ್ಯ ವ್ಯತ್ಯಾಸವಿತ್ತು. ರಾಸ್ ಅವರ ಲೆಕ್ಕದಲ್ಲಿ ಸೊಳ್ಳೆಗೆ ಹಳ್ಳಿಯ ಎಲ್ಲರೂ ಸಮಾನ. ಮನುಷ್ಯ ಸಂಬಂಧಗಳಲ್ಲಿ ಹಾಗಿಲ್ಲ. ಹೆಚ್ಚಿನವರಿಗೆ ಒಬ್ಬರೇ ಸಂಗಾತಿ, ಕೆಲವರಿಗೆ ಹಲವರು. ಉದಾಹರಣೆಗೆ, 100 ಜನರ ಒಂದು ಗುಂಪಿನಲ್ಲಿ ವರ್ಷಕ್ಕೆ ಪ್ರತಿಯೊಬ್ಬರಿಗೂ ಇಬ್ಬರು ಸಂಗಾತಿಗಳೆಂದು ಇಟ್ಟುಕೊಳ್ಳೋಣ. ಇನ್ನೊಂದು ಗುಂಪಿನಲ್ಲಿ 90 ಮಂದಿಗೆ ಒಬ್ಬೊಬ್ಬರು, ಉಳಿದ 10 ಮಂದಿಗೆ ಹನ್ನೊಂದು ಹನ್ನೊಂದು ಮಂದಿ. ಎರಡೂ ಗುಂಪುಗಳಲ್ಲಿ ಸರಾಸರಿ ಎರಡೇ. ಆದರೆ ಸೋಂಕು ಹರಡುವ ಬಲ ಎರಡನೆಯ ಗುಂಪಿನಲ್ಲಿ ಮೂರು ಪಟ್ಟಿಗೂ ಹೆಚ್ಚು. ಹಲವು ಸಂಬಂಧಗಳುಳ್ಳವರಿಗೆ ಸೋಂಕು ತಗುಲುವ ಸಂಭವ ಎಷ್ಟು ಪಟ್ಟು ಹೆಚ್ಚೋ, ಅವರಿಂದ ಹೊರಹೋಗುವ ದಾರಿಗಳೂ ಅಷ್ಟೇ ಪಟ್ಟು ಹೆಚ್ಚು. ಸಂಖ್ಯೆಯ ವರ್ಗ ಲೆಕ್ಕಕ್ಕೆ ಬರುತ್ತದೆ. ಆದುದರಿಂದ ಸರಾಸರಿಯೊಂದನ್ನೇ ನೋಡಿದರೆ ಸೋಂಕಿನ ಗತಿ ತಿಳಿಯುವುದಿಲ್ಲ.

ಹೆತ್‌ಕೋಟ್ ಮತ್ತು ಯಾರ್ಕ್ 1984ರಲ್ಲಿ ಪ್ರಕಟಿಸಿದ ಗ್ರಂಥ ಈ ತಿರುಳು ಗುಂಪಿನ ಪಾತ್ರವನ್ನು ವಿವರಿಸಿತು. ಜನಸಂಖ್ಯೆಯಲ್ಲಿ ಚಿಕ್ಕ ಪಾಲಾಗಿರುವ ಈ ಗುಂಪಿನೊಳಗೆ ಸರಪಳಿ ತುಂಡಾಗದಿದ್ದರೆ ಸೋಂಕು ಹೊರಗಿನವರಲ್ಲಿಯೂ ಉಳಿಯುತ್ತದೆ. ಅಲ್ಲಿ ತುಂಡಾದರೆ ಹೊರಗೆ ತಾನಾಗಿ ಇಳಿಯುತ್ತದೆ. ರಾಸ್ ಸೊಳ್ಳೆಗಳ ವಿಷಯದಲ್ಲಿ ಹೇಳಿದ ಮಿತಿಯ ಮಾತು ಇಲ್ಲಿ ಮತ್ತೊಂದು ರೂಪದಲ್ಲಿ ನಿಜವಾಯಿತು.

ಎಚ್‌ಐವಿ ಕಾಣಿಸಿಕೊಂಡ ಮೇಲೆ ಈ ಅಧ್ಯಯನಗಳಿಗೆ ವೇಗ ಬಂದಿತು. ರಾಯ್ ಆಂಡರ್ಸನ್ ಮತ್ತು ರಾಬರ್ಟ್ ಮೇ 1980ರ ದಶಕದಲ್ಲಿ ಎಚ್‌ಐವಿಗೆ ಮಾದರಿಗಳನ್ನು ರೂಪಿಸಿದರು. 1997ರಲ್ಲಿ ಮಾರ್ಟಿನಾ ಮೋರಿಸ್ ಮತ್ತು ಮಿರಿಯಂ ಕ್ರೆಟ್ಸ್‌ಮಾರ್, ಸಂಬಂಧಗಳ ಸಂಖ್ಯೆಯಂತೆಯೇ ಅವುಗಳ ಕಾಲಕ್ರಮವೂ ಮುಖ್ಯವೆಂದು ತೋರಿಸಿದರು. ಒಂದು ಸಂಬಂಧ ಮುಗಿದ ಮೇಲೆ ಇನ್ನೊಂದು ಆರಂಭವಾದರೆ, ಹೊಸಬರಿಂದ ಬಂದ ಸೋಂಕು ಹಳಬರಿಗೆ ಹೋಗದು. ಎರಡೂ ಏಕಕಾಲದಲ್ಲಿದ್ದರೆ ಎರಡೂ ಕಡೆಗೆ ದಾರಿ ತೆರೆದಿರುತ್ತದೆ. ಆಫ್ರಿಕದ ಎಚ್‌ಐವಿ ಪಿಡುಗಿನಲ್ಲಿ ಇದರ ಪಾತ್ರ ಎಷ್ಟೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. 1996ರ ಸಮೀಕ್ಷೆಯೊಂದರಲ್ಲಿ ಉತ್ತರಿಸಿದ ಸ್ವೀಡನ್ನಿನ 2810 ಮಂದಿಯ ಮಾಹಿತಿಯನ್ನು ವಿಶ್ಲೇಷಿಸಿ 2001ರಲ್ಲಿ ಪ್ರಕಟವಾದ ಅಧ್ಯಯನವು ಸಂಬಂಧಗಳ ಹಂಚಿಕೆ ತೀರ ಅಸಮವಾಗಿರುವುದನ್ನು ಅಂಕಿಅಂಶಗಳಿಂದ ಮುಂದಿಟ್ಟಿತು.

ಕರ್ನಾಟಕದಲ್ಲಿ ಲೆಕ್ಕದ ಪರೀಕ್ಷೆ

ರಾಸ್ ಬಿಟ್ಟುಹೋದ ಶತಮಾನದ ನಂತರ ಈ ಗಣಿತ ಕರ್ನಾಟಕಕ್ಕೂ ಬಂದಿತು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಆರು ರಾಜ್ಯಗಳಲ್ಲಿ ಆರಂಭವಾದ ಆವಾಹನ್ ಎಂಬ ಎಚ್‌ಐವಿ ತಡೆ ಯೋಜನೆಯಲ್ಲಿ ಕರ್ನಾಟಕವೂ ಸೇರಿತ್ತು. ಕರ್ನಾಟಕ ಆರೋಗ್ಯ ಸಂವರ್ಧನ ಟ್ರಸ್ಟ್ ಇಲ್ಲಿ ಅದರ ಜವಾಬ್ದಾರಿ ಹೊತ್ತಿತು. ಲೈಂಗಿಕ ವೃತ್ತಿಯ ಮಹಿಳೆಯರನ್ನು ಹಿಂದಿನಂತೆ ಕೂಡಿಹಾಕುವ ಬದಲು, ಅವರಲ್ಲಿಯೇ ಕೆಲವರನ್ನು ಸಹವರ್ತಿ ಕಾರ್ಯಕರ್ತೆಯರನ್ನಾಗಿ ನಿಯೋಜಿಸಿ ಕಾಂಡೋಮ್ ವಿತರಣೆ, ಸೋಂಕಿನ ಚಿಕಿತ್ಸೆ ಮತ್ತು ತಿಳಿವಳಿಕೆಯ ಕೆಲಸ ನಡೆಸಲಾಯಿತು. ಗಿರಾಕಿಗಳಾದ ಗಂಡಸರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ಮೈಸೂರು, ಬೆಳಗಾವಿ, ಬಳ್ಳಾರಿ ಮುಂತಾದ ಜಿಲ್ಲೆಗಳ ಸಮೀಕ್ಷೆಗಳ ಮಾಹಿತಿಯಿಂದ ಗಣಿತ ಮಾದರಿಗಳನ್ನು ಕಟ್ಟಲಾಯಿತು.

ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಕಣ್ಣಿನಿಂದ ನೋಡಲಾಗದು, ಮಾದರಿಯಿಂದ ಮಾತ್ರ ಅಂದಾಜು ಮಾಡಬಹುದು. 2013ರಲ್ಲಿ ಪ್ರಕಟವಾದ ಅಂತಹ ಅಂದಾಜಿನಂತೆ ದಕ್ಷಿಣ ಭಾರತದ ಆವಾಹನ್ ಜಿಲ್ಲೆಗಳಲ್ಲಿ ಹತ್ತು ವರ್ಷಗಳಲ್ಲಿ ಸುಮಾರು 6 ಲಕ್ಷ ಎಚ್‌ಐವಿ ಸೋಂಕುಗಳು ತಪ್ಪಿದವು. ಈ ಸಂಖ್ಯೆ ಎಷ್ಟೇ ಎಚ್ಚರದಿಂದ ಮಾಡಿದ್ದರೂ ಅಂದಾಜೇ ಸರಿ. ಆದರೆ ಸೋಂಕು ಇಳಿಮುಖವಾಗಲು ಎಲ್ಲರ ನಡತೆಯನ್ನೂ ತಿದ್ದಬೇಕಾಗಿಲ್ಲ, ಸರಪಳಿಯ ಮುಖ್ಯ ಕೊಂಡಿಗಳಲ್ಲಿ ಇರುವವರಿಗೆ ಗೌರವದಿಂದ ನೆರವು ದೊರೆತರೆ ಇಡೀ ಜಿಲ್ಲೆಗೇ ರಕ್ಷಣೆ ಸಿಗುತ್ತದೆ ಎಂಬ ತಿಳಿವಳಿಕೆ ಇದರಿಂದ ಬಲಗೊಂಡಿತು.

ಇಂತಹ ಮಾದರಿಗಳಿಂದ ಅಪಾಯವೂ ಇಲ್ಲದಿಲ್ಲ. ತಿರುಳು ಗುಂಪು ಎಂಬ ಗಣಿತದ ಮಾತು ಜನರ ಬಾಯಿಯಲ್ಲಿ ಕಳಂಕದ ಹಣೆಪಟ್ಟಿಯಾಗಿ ಮಾರ್ಪಟ್ಟರೆ, ಆ ಜನರು ಆಸ್ಪತ್ರೆಯಿಂದ ದೂರ ಉಳಿಯುತ್ತಾರೆ. ಸರಪಳಿ ಮತ್ತೆ ಕೂಡಿಕೊಳ್ಳುತ್ತದೆ. ಲಾಕ್ ಆಸ್ಪತ್ರೆಗಳ ಕಾಲದಲ್ಲಿ ಹೆಂಗಸರು ನೋಂದಣಿಯಿಂದ ತಪ್ಪಿಸಿಕೊಂಡು ಓಡಾಡಿದ್ದು ಇದೇ ಕಾರಣಕ್ಕೆ. ಸಮೀಕರಣದಲ್ಲಿ ಅಪರಾಧಿ ಎಂಬ ಪದಕ್ಕೆ ಸ್ಥಾನವಿಲ್ಲ. ಸೋಂಕು ಎಲ್ಲಿಂದ ಎಲ್ಲಿಗೆ, ಯಾವ ವೇಗದಲ್ಲಿ ದಾಟುತ್ತದೆ ಎಂಬುದಷ್ಟನ್ನೇ ಅದು ಕೇಳುತ್ತದೆ.

ಸೊಳ್ಳೆಯ ಹೊಟ್ಟೆಯಲ್ಲಿ ಪರಾವಲಂಬಿ ಕಂಡ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವೆಂದು ಪ್ರತಿವರ್ಷ ಆಚರಿಸಲಾಗುತ್ತದೆ. 1908ರ ಮಾರಿಷಸ್ ವರದಿಗೆ ಅಂತಹ ದಿನಾಚರಣೆ ಇಲ್ಲ. ಆದರೆ ಮಲೇರಿಯಾದಿಂದ ಎಚ್‌ಐವಿಯವರೆಗೆ ಯಾವುದೇ ಸೋಂಕು ತಡೆಯ ಯೋಜನೆ ಸಿದ್ಧವಾಗುವಾಗ, ಎಷ್ಟು ಕೊಂಡಿಗಳನ್ನು ಕಳಚಿದರೆ ಸಾಕು ಎಂದು ಕೇಳಿಕೊಳ್ಳುವ ಪರಿಪಾಠಕ್ಕೆ ಆ ವರದಿಯ ಕೆಲವೇ ಪುಟಗಳು ನಾಂದಿ ಹಾಡಿದವು.